ಗಂಡು, ಹೆಣ್ಣು ಹಾವುಗಳನ್ನು ಒಂದೇ ಗೂಡಿನಲ್ಲಿ ಇಡಬಹುದೇ?

ಪ್ರಶ್ನೆ: ನಮ್ಮ ಬಳಿ ನೋಂದಣಿಯಾಗಿರುವ ಒಂದು ಜೋಡಿ ಬಾಲ್ ಪೈಥಾನ್‌ಗಳಿವೆ (ಆಫ್ರಿಕಾ ಮೂಲದ ಸಣ್ಣ ಜಾತಿಯ ಹೆಬ್ಬಾವು). ಮರಿ ಮಾಡಿಸಲು ಎರಡನ್ನೂ ಒಂದೇ ದೊಡ್ಡ ಗೂಡಿನಲ್ಲಿ ಬಿಟ್ಟರೆ ಸಾಕೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಈ ಹಾವುಗಳು ಒಂಟಿಯಾಗಿ ಬದುಕುವಂಥವು. ಒಟ್ಟಿಗಿಟ್ಟರೆ ಬೆಚ್ಚನೆಯ ಜಾಗವನ್ನೂ ಅಡಗುವ ಮರೆಯನ್ನೂ ಬಲವಾದದ್ದು ಆಕ್ರಮಿಸಿಕೊಂಡು, ಇನ್ನೊಂದು ಮೇವು ಬಿಟ್ಟು ಸೊರಗಬಹುದು. ಎರಡಕ್ಕೂ ಪ್ರತ್ಯೇಕ ಗೂಡಿರಲಿ. ಹೆಣ್ಣು ಸುಮಾರು ಒಂದೂವರೆ ಕಿಲೋ ತೂಗಿದ ಮೇಲೆ, ಕೂಡುವ ಕಾಲದಲ್ಲಿ ಮಾತ್ರ ಗಂಡನ್ನು ಅದರ ಗೂಡಿಗೆ ಕೆಲವು ದಿನ ಬಿಟ್ಟು ಹಿಂದಕ್ಕೆ ತೆಗೆಯಬೇಕು.

ಗೂಡಿನ ಗಾತ್ರದಷ್ಟೇ ಮುಖ್ಯವಾದದ್ದು ಅದರೊಳಗಿನ ಬಿಸಿಯ ಏರಿಳಿತ. ಹಾವು ತನ್ನ ಮೈಶಾಖವನ್ನು ಜಾಗ ಬದಲಿಸಿಯೇ ಹೊಂದಿಸಿಕೊಳ್ಳುವುದರಿಂದ, ಒಂದು ತುದಿ 31–32 ಡಿಗ್ರಿ ಸೆಲ್ಸಿಯಸ್, ಮತ್ತೊಂದು ತುದಿ 25–27 ಡಿಗ್ರಿ ಇರಬೇಕು. ಎರಡೂ ಕಡೆ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾದ ಮರೆ ಬೇಕು, ಇಲ್ಲವಾದರೆ ಅದು ಮರೆಗಾಗಿ ಬಿಸಿಯನ್ನೋ ಬಿಸಿಗಾಗಿ ಮರೆಯನ್ನೋ ಬಿಟ್ಟುಕೊಡುತ್ತದೆ. ಹೀಟ್ ಮ್ಯಾಟ್ ಅನ್ನು (ಬಿಸಿ ಕೊಡುವ ವಿದ್ಯುತ್ ಹಾಸು) ಥರ್ಮೋಸ್ಟಾಟ್ (ಬಿಸಿಯನ್ನು ಹತೋಟಿಯಲ್ಲಿಡುವ ಸಾಧನ) ಇಲ್ಲದೆ ಎಂದಿಗೂ ಬಳಸಬಾರದು, ಏಕೆಂದರೆ ಹೊಟ್ಟೆ ಸುಡುತ್ತಿದ್ದರೂ ಹಾವು ಅಲ್ಲಿಂದ ಸರಿಯದಿರಬಹುದು. ಆದರೆ ಮಂಡ್ಯ, ಮೈಸೂರಿನ ಕಡೆ ಏಪ್ರಿಲ್‌ನಲ್ಲಿ ಬಿಸಿ ಮಾಡುವುದಕ್ಕಿಂತ ತಂಪಿನ ತುದಿಯನ್ನು ತಂಪಾಗಿ ಉಳಿಸುವುದೇ ಕಷ್ಟ. ಶೀಟಿನ ಮನೆಯಲ್ಲಾಗಲಿ ಬಿಸಿಲು ಬೀಳುವ ಕಿಟಕಿಯ ಬಳಿಯಲ್ಲಾಗಲಿ ಗೂಡನ್ನು ಇಡಬೇಡಿ.

ನೆಲಕ್ಕೆ ನಮ್ಮಲ್ಲಿ ಸುಲಭವಾಗಿ ಸಿಗುವ ತೆಂಗಿನ ನಾರಿನ ಪುಡಿ ಚೆನ್ನಾಗಿ ಒಗ್ಗುತ್ತದೆ. ಅದು ಒಣಗಿದರೆ ಪೊರೆ ಚೂರುಚೂರಾಗಿ ಮೈಗೆ ಅಂಟಿಕೊಳ್ಳುತ್ತದೆ, ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಫಿನಾಯಿಲ್ ಮತ್ತು ನುಸಿಗುಳಿಗೆಯನ್ನು ಹತ್ತಿರ ತರಬೇಡಿ.

ಹೆಣ್ಣು ಸಾಮಾನ್ಯವಾಗಿ ಆರರ ಆಸುಪಾಸು ಮೊಟ್ಟೆಯಿಟ್ಟು ಸುತ್ತಿಕೊಂಡು ಕಾಯುತ್ತದೆ. ಬೇರೆಡೆ ಕಾವು ಕೊಡುವುದಾದರೆ ಮೊಟ್ಟೆಯ ಮೇಲುಭಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಹೊರಳಿಸದೆ, ತೇವವುಳ್ಳ ವರ್ಮಿಕ್ಯುಲೈಟ್‌ನ (ನೀರು ಹಿಡಿದಿಡುವ ಹಗುರ ಖನಿಜದ ಹರಳು) ಮೇಲೆ 31–32 ಡಿಗ್ರಿಯಲ್ಲಿಡಬೇಕು. ಸುಮಾರು 55ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಕರೆಂಟು ಹೋದಾಗ ಯುಪಿಎಸ್ ಇದ್ದರೆ ಈ ಎರಡು ತಿಂಗಳು ನಿಶ್ಚಿಂತೆ.

ಇಷ್ಟೆಲ್ಲ ಹೇಳಿದ್ದು ವಿದೇಶಿ ತಳಿಗೆ ಮಾತ್ರ. ನಮ್ಮ ನಾಗರಹಾವು, ಕೇರೆಹಾವು, ಹೆಬ್ಬಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ; ಅವುಗಳ ಪಾಲನೆ ಮೈಸೂರಿನ ಚಾಮರಾಜೇಂದ್ರ ಮೃಗಾಲಯದಂಥ ಮಾನ್ಯತೆ ಪಡೆದ ಸಂಸ್ಥೆಗಳ ಕೆಲಸ. ನಿಮ್ಮ ಜೋಡಿಗೆ ಹುಟ್ಟುವ ಮರಿಗಳನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕಾಗುತ್ತದೆ. ಮರಿಗಳನ್ನು ಒಂದೊಂದಾಗಿ ಪುಟ್ಟ ಡಬ್ಬಿಗಳಲ್ಲಿಟ್ಟು, ಮೊದಲ ಪೊರೆ ಕಳಚಿದ ಮೇಲೆಯೇ ಮೇವು ಕೊಡಿ.