ಆಗಮನ ಕಾಲದ ಮೊದಲ ಭಾನುವಾರ ಲೋಕಾಂತ್ಯದ ಮಾತೇಕೆ?

ಪ್ರಶ್ನೆ: ಆಗಮನ ಕಾಲ ಅಂದರೆ ಕ್ರಿಸ್‌ಮಸ್ ತಯಾರಿ ಎಂದೇ ಕೇಳುತ್ತ ಬಂದಿದ್ದೇವೆ. ಆದರೆ ಮೊದಲ ಭಾನುವಾರ ಪೂಜೆಗೆ ಹೋದರೆ ಯೇಸು ಹುಟ್ಟಿದ ಬೆತ್ಲೆಹೇಮಿನ ಸುದ್ದಿಯೇ ಇರುವುದಿಲ್ಲ, ಲೋಕಾಂತ್ಯದ ವಾಚನ ಓದುತ್ತಾರೆ. ಯಾಕೆ?

ಉತ್ತರ: ಯೇಸು ಹುಟ್ಟಿ ಎರಡು ಸಾವಿರ ವರ್ಷ ಆಯಿತು. ಇನ್ನೂ ಹುಟ್ಟಿಲ್ಲ ಎಂದುಕೊಂಡು ನಾವು ಕಾಯುತ್ತಿಲ್ಲ. ಅವರು ಮತ್ತೆ ಬರುತ್ತಾರೆಂದು ವಿಶ್ವಾಸ ಸಂಗ್ರಹದಲ್ಲಿ, ಅಂದರೆ ನಮ್ಮ ನಂಬಿಕೆಯನ್ನು ಸಾರುವ ಪ್ರಾರ್ಥನೆಯಲ್ಲಿ, ಪ್ರತಿ ಭಾನುವಾರ ಹೇಳುತ್ತೇವಲ್ಲ, ಈ ಕಾಲದ ಮೊದಲ ದಿನಗಳು ಆ ಮಾತಿಗೆ ಮೀಸಲು.

ಮೊದಲ ಭಾನುವಾರದ ಶುಭಸಂದೇಶ (ಯೇಸುವಿನ ಜೀವನ, ಬೋಧನೆಯ ವಾಚನ) ಮೂರು ವರ್ಷಗಳ ಸರದಿಯಲ್ಲಿ ಮತ್ತಾಯ, ಮಾರ್ಕ, ಲೂಕರಿಂದ ಬರುತ್ತದೆ. ನನಗೆ ತುಂಬ ಹಿಡಿಸುವುದು ಮಾರ್ಕನ 13ನೇ ಅಧ್ಯಾಯದ ಕೊನೆಯ ಭಾಗ. ಯೇಸು ಶಿಷ್ಯರಿಗೆ ಹೇಳುವ ಕಥೆ ಅದು: ಯಜಮಾನ ದೂರ ಪ್ರಯಾಣ ಹೊರಡುತ್ತಾನೆ. ಒಬ್ಬೊಬ್ಬ ಆಳಿಗೂ ಅವನವನ ಕೆಲಸ ಒಪ್ಪಿಸುತ್ತಾನೆ, ಬಾಗಿಲು ಕಾಯುವವನಿಗೆ ಎಚ್ಚರವಾಗಿರು ಎನ್ನುತ್ತಾನೆ. ಅವನು ಸಂಜೆಗೆ ಬಂದಾನೋ, ನಡುರಾತ್ರಿಗೋ, ಕೋಳಿ ಕೂಗುವಾಗಲೋ, ಬೆಳಗಾಗುವಾಗಲೋ ಯಾರಿಗೂ ಗೊತ್ತಿಲ್ಲ. ರೋಮನ್ನರು ರಾತ್ರಿಯನ್ನು ನಾಲ್ಕು ಜಾವಗಳಾಗಿ ಎಣಿಸುತ್ತಿದ್ದ ಲೆಕ್ಕ ಅದು. ಮುಂದಿನ ಅಧ್ಯಾಯ ತೆರೆದು ನೋಡಿ: ಯೇಸು ಬಂಧನಕ್ಕೊಳಗಾದ ರಾತ್ರಿ ಗೆತ್ಸೆಮನೆ ತೋಟದಲ್ಲಿ ಇದೇ ಶಿಷ್ಯರು ಒಂದು ಗಂಟೆಯೂ ಎಚ್ಚರವಿರಲಾರದೆ ನಿದ್ದೆಹೋದರು, ಕೋಳಿ ಕೂಗುವ ಹೊತ್ತಿಗೆ ಪೇತ್ರ ಗುರುವನ್ನೇ ಅರಿಯೆನೆಂದ. ಅಂಥವರನ್ನೂ ಪ್ರಭು ಕೈಬಿಡಲಿಲ್ಲ. ಆದ್ದರಿಂದ ಈ ವಾಚನವನ್ನು ಬೆದರಿಕೆಯೆಂದು ಓದಬೇಡಿ. ಆಳುಗಳಿಗೆ ಹೇಳಿದ್ದು ಕೈಗೆ ಬಂದ ಕೆಲಸ ಮಾಡುತ್ತಿರಿ ಎಂದು. ಅಡುಗೆಮನೆ, ಆಫೀಸು, ಹೊಲ, ಕಾಯಿಲೆಯವರ ಮಂಚದ ಬದಿ, ಎಲ್ಲಿದ್ದರೂ ಆಗಮನ ಕಾಲ ಆಚರಿಸಬಹುದು.

ನೇರಳೆ ಪೂಜಾವಸ್ತ್ರ ಕಂಡು ಇದೂ ತಪಸ್ಸುಕಾಲವೇ (ಈಸ್ಟರ್‌ಗೆ ಮುಂಚಿನ ಪಶ್ಚಾತ್ತಾಪದ ಕಾಲ) ಎನ್ನುವವರಿದ್ದಾರೆ. ಭಾನುವಾರಗಳಲ್ಲಿ ಗ್ಲೋರಿಯಾ ಎಂಬ ಸ್ತುತಿಗೀತೆ ಹಾಡುವುದಿಲ್ಲ, ನಿಜ. ಆದರೆ ತಪಸ್ಸುಕಾಲದಲ್ಲಿ ಕೈಬಿಡುವ ಅಲ್ಲೆಲೂಯ ಎಂಬ ಸಂತೋಷದ ಘೋಷ ಇಲ್ಲಿ ಉಳಿದೇ ಇರುತ್ತದೆ. ಇದು ಆಸೆಯಿಂದ ಕಾಯುವ ಕಾಲ.

ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಇದರ ಆರಂಭ. ಎರಡನೇ, ಮೂರನೇ ಭಾನುವಾರ ಯೇಸುವಿಗೆ ದಾರಿ ಸಿದ್ಧಪಡಿಸಿದ ಸ್ನಾನಿಕ ಯೊವಾನ್ನರದು. ಡಿಸೆಂಬರ್ 17ರಿಂದ ಯೇಸುವಿನ ವಂಶಾವಳಿ, ಜೋಸೆಫರ ಕನಸು, ಮರಿಯಮ್ಮ ತನ್ನ ಬಂಧು ಎಲಿಜಬೇತಳ ಮನೆಗೆ ಹೋದದ್ದು ಒಂದೊಂದಾಗಿ ಬರುತ್ತವೆ. ನೀವು ಹುಡುಕುತ್ತಿದ್ದ ಕ್ರಿಸ್‌ಮಸ್ ತಯಾರಿ ಆ ಎಂಟು ದಿನಗಳಲ್ಲಿದೆ. ಆದರೆ ಆ ಹೊತ್ತಿಗೆ ನಮ್ಮಲ್ಲಿ ಬಹುಪಾಲು ಕಡೆ ಕೇಕು, ಪಾರ್ಟಿ ಎಲ್ಲ ಮುಗಿಯುತ್ತ ಬಂದಿರುತ್ತದೆ ಎಂಬುದು ನನಗೆ ಬೇಸರದ ಸಂಗತಿ. ಆ ವಾರದಲ್ಲಿ ಒಂದು ದಿನವಾದರೂ ಬೆಳಗಿನ ಪೂಜೆಗೆ ಹೋಗಿ ಬನ್ನಿ.