ಎಬಿಎಸ್, ಫೋರ್ ವೀಲ್ ಡ್ರೈವ್: ಯಾವುದು ಯಾವುದಕ್ಕೆ?

ಫೋರ್ ವೀಲ್ ಡ್ರೈವ್ ಗಾಡಿ ಒದ್ದೆ ರಸ್ತೆಯಲ್ಲಿ ಬೇಗ ನಿಲ್ಲುತ್ತದೆ ಎಂದು ನಂಬಿದವರು ಬಹಳ ಮಂದಿ. ಹಾಗೇನೂ ಇಲ್ಲ. ಎಂಜಿನ್ನಿನ ಶಕ್ತಿ ಎರಡು ಚಕ್ರಕ್ಕೆ ಹೋಗಲಿ, ನಾಲ್ಕಕ್ಕೆ ಹೋಗಲಿ, ಬ್ರೇಕ್ ಅಂತೂ ಈಗಿನ ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ ಅಲ್ವಾ? ನಿಲ್ಲಿಸುವಾಗ ನೆರವಿಗೆ ಬರುವುದು ಎಬಿಎಸ್, ಅಂದರೆ ಆಂಟಿಲಾಕ್ ಬ್ರೇಕ್.

ಗಾಬರಿಯಲ್ಲಿ ಬ್ರೇಕ್ ಜೋರಾಗಿ ತುಳಿದರೆ ಚಕ್ರ ತಿರುಗುವುದೇ ನಿಂತುಬಿಡುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ, ಜಾರುತ್ತಾ ಹೋಗುತ್ತದೆ. ಮುಂದಿನ ಚಕ್ರ ಉರುಳದಿದ್ದರೆ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಕೆಲಸಕ್ಕೆ ಬಾರದು. ಎದುರಿಗೆ ಏನೋ ಅಡ್ಡ ಬಂದಿದೆ, ಪಕ್ಕದಲ್ಲಿ ಜಾಗವೂ ಇದೆ. ಆದರೂ ಗಾಡಿ ನೇರವಾಗಿ ಹೋಗಿ ಗುದ್ದುತ್ತದೆ.

ಇದನ್ನು ತಪ್ಪಿಸಲು ಎಬಿಎಸ್ ಇರುವ ಕಾರಿನಲ್ಲಿ ಚಕ್ರಗಳ ಬಳಿ ಸೆನ್ಸರ್‌ಗಳಿರುತ್ತವೆ. ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅವು ಸದಾ ಅಳೆಯುತ್ತವೆ. ಒಂದು ಚಕ್ರದ ವೇಗ ದಿಢೀರನೆ ಕುಸಿದರೆ ಅದು ಇನ್ನೇನು ಲಾಕ್ ಆಗುತ್ತದೆ ಎಂದರ್ಥ. ಆಗ ಒಂದು ವಾಲ್ವ್ ಆ ಚಕ್ರದ ಬ್ರೇಕ್ ಆಯಿಲ್ ಒತ್ತಡವನ್ನು ಇಳಿಸುತ್ತದೆ. ಚಕ್ರ ಉರುಳತೊಡಗಿದ ಕೂಡಲೇ ಒತ್ತಡ ಮತ್ತೆ ಏರುತ್ತದೆ. ಒಂದೇ ಸೆಕೆಂಡಿನಲ್ಲಿ ಹೀಗೆ ಹಲವು ಸಲ ನಡೆಯುತ್ತದೆ. ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ, ಗರಗರ ಸದ್ದೂ ಬರುತ್ತದೆ. ಮೊದಲ ಸಲ ಇದನ್ನು ಕೇಳಿದವರು ಏನೋ ಮುರಿಯಿತು ಅಂತ ಕಾಲು ತೆಗೆದುಬಿಡುತ್ತಾರೆ. ತೆಗೆಯಬೇಡಿ. ಬಿಟ್ಟು ಬಿಟ್ಟು ತುಳಿಯುವ ಹಳೇ ಪಾಠವೂ ಇಲ್ಲಿ ಬೇಡ. ಗಟ್ಟಿಯಾಗಿ ಒತ್ತಿ ಹಿಡಿದು, ಬೇಕಾದ ಕಡೆಗೆ ಸ್ಟೇರಿಂಗ್ ತಿರುಗಿಸಿ.

ಸಡಿಲ ಜಲ್ಲಿ ಅಥವಾ ಹೊಸ ಹಿಮದ ಮೇಲೆ ಎಬಿಎಸ್ ಇದ್ದರೆ ನಿಲ್ಲಲು ಇನ್ನೂ ಜಾಸ್ತಿ ದೂರ ಬೇಕಾಗಬಹುದು. ಲಾಕ್ ಆದ ಚಕ್ರ ತನ್ನ ಮುಂದೆ ಜಲ್ಲಿ ಗುಡ್ಡೆ ಹಾಕಿಕೊಂಡು ಅದಕ್ಕೇ ತಡೆದು ನಿಲ್ಲುತ್ತದೆ. ಉರುಳುವ ಚಕ್ರಕ್ಕೆ ಆ ಅನುಕೂಲ ಇಲ್ಲ.

ಫೋರ್ ವೀಲ್ ಡ್ರೈವ್ ಕೆಲಸ ಗಾಡಿ ಹೊರಡುವಾಗ, ಏರು ಹತ್ತುವಾಗ, ಕೆಸರಿನಿಂದ ಈಚೆ ಬರುವಾಗ. ಹಿಂದಿನ ಚಕ್ರ ಸುಮ್ನೆ ಸುತ್ತುತ್ತಿದ್ದರೂ ಮುಂದಿನದಕ್ಕೆ ಹಿಡಿತ ಸಿಕ್ಕರೆ ಗಾಡಿ ಮೇಲೆ ಬರುತ್ತದೆ. ಆದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವ ಪಾರ್ಟ್ ಟೈಮ್ ವ್ಯವಸ್ಥೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕು. ಈ ವ್ಯವಸ್ಥೆಯಲ್ಲಿ ಎರಡನ್ನೂ ಒಟ್ಟಿಗೆ ಕಟ್ಟಿಹಾಕಿರುತ್ತದೆ. ಕೆಸರಿನಲ್ಲಾದರೆ ಟೈರ್ ಜಾರಿ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಆಗದೆ ಗೇರು, ಶಾಫ್ಟುಗಳ ಮೇಲೆ ಭಾರ ಬೀಳುತ್ತದೆ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳಲ್ಲಿ ಈ ವ್ಯತ್ಯಾಸ ಸರಿದೂಗಿಸಲು ಸಾಮಾನ್ಯವಾಗಿ ನಡುವೆ ಒಂದು ಡಿಫರೆನ್ಷಿಯಲ್, ಅಂದರೆ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ ಇರುತ್ತದೆ.

1966ರಲ್ಲೇ ಬ್ರಿಟನ್ನಿನ ಜೆನ್ಸನ್ ಎಫ್‌ಎಫ್ ಕಾರಿನಲ್ಲಿ ಫೋರ್ ವೀಲ್ ಡ್ರೈವ್, ಆಂಟಿಲಾಕ್ ಬ್ರೇಕ್ ಎರಡೂ ಇದ್ದವು. ಅದರ ಆಂಟಿಲಾಕ್ ಬ್ರೇಕ್ ವಿಮಾನಗಳಿಂದ ಬಂದದ್ದು, ಎಲೆಕ್ಟ್ರಾನಿಕ್ಸ್ ಇಲ್ಲದ್ದು. ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್ ಕ್ಲಾಸಿಗೆ ಬಂದದ್ದು 1978ರಲ್ಲಿ.

ಎಬಿಎಸ್‌ಗೂ ಫೋರ್ ವೀಲ್ ಡ್ರೈವ್‌ಗೂ ಒಂದು ಕಡೆ ಜಗಳವಿದೆ. ಡಿಫರೆನ್ಷಿಯಲ್ ಕೆಲಸ ಮಾಡದಂತೆ ತಡೆಯುವ ಡಿಫರೆನ್ಷಿಯಲ್ ಲಾಕ್ ಹಾಕಿದರೆ ಚಕ್ರಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಂದರ ಬ್ರೇಕ್ ಸಡಿಲಿಸಿದರೆ ಇನ್ನೊಂದರ ಮೇಲೂ ಅದರ ಪರಿಣಾಮ ಆಗುತ್ತದೆ, ಎಬಿಎಸ್ ಲೆಕ್ಕ ತಪ್ಪುತ್ತದೆ. ಅದಕ್ಕೇ ಕೆಲವು ಗಾಡಿಗಳಲ್ಲಿ ಲಾಕ್ ಹಾಕಿದ ತಕ್ಷಣ ಎಬಿಎಸ್ ತಾನಾಗಿಯೇ ಬಂದ್ ಆಗುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಅಂಥ ಗಾಡಿಯಾದರೆ ಕೆಸರು ದಾಟಿ ರಸ್ತೆಗೆ ಬಂದ ಮೇಲೆ ಲಾಕ್ ತೆಗೆಯಿರಿ, ದೀಪ ಆರಿದೆಯೇ ನೋಡಿಕೊಂಡು ಮುಂದೆ ಹೋಗಿ.