ಪದ ಪರಿಚಯ: ಆಂಟಿಪರ್ಸ್ಪಿರೆಂಟ್, ಡಿಯೋ ಮತ್ತು ಪಾಪದ ಪಟಿಕ

‘ಅಲ್ಯೂಮಿನಿಯಂ ಇಲ್ಲದ, ಶುದ್ಧ ಪಟಿಕದ ಆಂಟಿಪರ್ಸ್ಪಿರೆಂಟ್.’ ಈ ಸಾಲು ಈ ತಿಂಗಳಲ್ಲಿ ಮೂರನೇ ಸಲ ಕಣ್ಣಿಗೆ ಬಿತ್ತು. ಇರುವುದೇ ಐದು ಪದ, ಅಷ್ಟರಲ್ಲೇ ಎರಡು ತಪ್ಪು. ಸುಮ್ನಿರೋಣ ಅಂದುಕೊಂಡೆ, ಆಗಲಿಲ್ಲ.

ಒಂದು ತಪ್ಪು ‘ಆಂಟಿಪರ್ಸ್ಪಿರೆಂಟ್’ ಎಂಬ ಪದದಲ್ಲಿದೆ, ಅದು ಬೇಗ ಮುಗಿಯುತ್ತದೆ. ಕಂಕುಳಿಗೆ ಹಾಕುವುದನ್ನೆಲ್ಲ ನಾವು ‘ಡಿಯೋ’ ಅಂದುಬಿಡುತ್ತೇವೆ. ಮಾತಿನಲ್ಲಿ ನಡೆಯುತ್ತದೆ. ‘ಡಿಯೋ ಹಾಕಿದರೆ ಅಪಾಯವಂತೆ’ ಎಂದು ಹೆದರಿಸಲು ಹೊರಟಾಗ ಮಾತ್ರ ನಡೆಯುವುದಿಲ್ಲ. ಡಿಯೋಡರೆಂಟ್ ಪದದೊಳಗೆ ಇರುವುದು ಲ್ಯಾಟಿನ್ನಿನ ‘ಓಡರ್’, ಅಂದರೆ ವಾಸನೆ. ಅದರ ಕೆಲಸವೆಲ್ಲ ವಾಸನೆಯ ಮೇಲೆ. ಆಂಟಿಪರ್ಸ್ಪಿರೆಂಟ್ ಒಳಗೆ ಇರುವುದು ‘ಸ್ಪಿರಾರೆ’, ಅಂದರೆ ಉಸಿರಾಡು. ‘ಪರ್’ ಅಂದರೆ ಮೂಲಕ. ಚರ್ಮದ ಮೂಲಕ ಉಸಿರು ಹೊರಬಂದ ಹಾಗೆ ಬರುವುದು ಬೆವರು ಎಂಬ ಕಲ್ಪನೆ. ಚೆಂದವಾಗಿದೆ, ಅಲ್ವಾ? ಅದರ ಮುಂದೆ ‘ಆಂಟಿ’ ಸೇರಿಸಿದರೆ ಬೆವರುತಡೆ. ಅದರಲ್ಲಿರುವ ಅಲ್ಯೂಮಿನಿಯಂ ಲವಣ ಬೆವರಿನ ಜೊತೆ ಸೇರಿ, ಬೆವರು ನಾಳದ ಬಾಯಲ್ಲಿ ಲೋಳೆಯಂಥ ಬಿರಡೆಯಾಗಿ ಕೂರುತ್ತದೆ. ಕೆಲವು ದಿನಕ್ಕೆ ಅದು ತಾನಾಗಿ ಉದುರಿಹೋಗುತ್ತದೆ. ಅಮೆರಿಕದ ಕಾನೂನಿನಲ್ಲಿ ಡಿಯೋಡರೆಂಟ್ ಬರೀ ಸೌಂದರ್ಯವರ್ಧಕ, ಆಂಟಿಪರ್ಸ್ಪಿರೆಂಟ್ ಔಷಧ.

ನಮ್ಮ ‘ಬೆವರುವಾಸನೆ’ ಎಂಬ ಜೋಡಿಪದದ್ದೂ ಇದರಲ್ಲಿ ಪಾಲಿದೆ. ಬೆವರಿಗೇ ವಾಸನೆ ಎಂದು ನಂಬಿಸಿಬಿಟ್ಟಿದೆ. ಮೆಟ್ಟಿಲು ಹತ್ತಿ ಬಂದ ತಕ್ಷಣ ಹಣೆ ಒರೆಸಿಕೊಂಡು ಬೆರಳು ಮೂಸಿ ನೋಡಿ. ಏನೂ ಇರುವುದಿಲ್ಲ, ಉಪ್ಪುನೀರು ಅಷ್ಟೇ. ಕಂಕುಳಿನಂಥ ಜಾಗಗಳಲ್ಲಿ ಮಾತ್ರ ಇನ್ನೊಂದು ಬಗೆಯ ಗ್ರಂಥಿಗಳೂ ಇವೆ. ಹರೆಯ ಬಂದ ಮೇಲೆ ಎಚ್ಚರವಾಗುವಂಥವು. ಅವು ಕೊಬ್ಬು, ಪ್ರೋಟೀನು ಕೂಡಿದ ಮಂದದ್ರವ ಬಿಡುತ್ತವೆ. ಅದಕ್ಕೂ ಹೊರಬಂದಾಗ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಚರ್ಮದ ಮೇಲಿನ ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆದಾಗ ಹುಟ್ಟುತ್ತದೆ ನೋಡಿ, ಅದು ನಾತ.

ಈಗ ಪಟಿಕಕ್ಕೆ ಬರೋಣ. ನನ್ನ ನಿಜವಾದ ತಕರಾರು ಇರುವುದು ಇಲ್ಲೇ.

ಪಟಿಕ ಸ್ಫಟಿಕದ ತದ್ಭವ. ಪಾರದರ್ಶಕವಾಗಿ ಮಿನುಗುವುದನ್ನೆಲ್ಲ ಸ್ಫಟಿಕ ಅನ್ನುತ್ತಿದ್ದರು, ಹಾಗಾಗಿ ಜಪಮಾಲೆಯ ಮಣಿಗೂ ಕ್ಷೌರದ ಕಲ್ಲಿಗೂ ಒಂದೇ ಹೆಸರು ಅಂಟಿತು. ಆದರೆ ಎರಡಕ್ಕೂ ಸಂಬಂಧವಿಲ್ಲ. ಮಣಿಯದು ಸಿಲಿಕಾನ್ ಮತ್ತು ಆಮ್ಲಜನಕ, ನೀರಿಗೆ ಹಾಕಿದರೆ ಕರಗದು. ಪಟಿಕವನ್ನು ಒದ್ದೆ ಮಾಡಿ ಕೆನ್ನೆಗೆ ಉಜ್ಜಿ. ಮೊದಲು ತಣ್ಣಗೆ ಜಾರುತ್ತದೆ, ಗಾಯವಿದ್ದಲ್ಲಿ ಚುರ್ ಅನ್ನುತ್ತದೆ, ಒಣಗಿದ ಮೇಲೆ ಚರ್ಮ ಬಿಗಿಯುತ್ತದೆ. ಉಜ್ಜಿದಷ್ಟೂ ಕಲ್ಲು ಸವೆಯುತ್ತದೆ. ಸವೆದದ್ದು ಎಲ್ಲಿ ಹೋಯಿತು? ಕರಗಿ ನಿಮ್ಮ ಚರ್ಮದ ಮೇಲೆ ಕೂತಿದೆ.

ಕೂತಿರುವುದು ಏನು? ಪಟಿಕ ಅಂದರೆ ಪೊಟ್ಯಾಶಿಯಂ ಅಲ್ಯೂಮಿನಿಯಂ ಸಲ್ಫೇಟ್. ತೂಕದಲ್ಲಿ ನೂರಕ್ಕೆ ಹತ್ತಿರ ಹತ್ತಿರ 6 ಪಾಲು ಅಲ್ಯೂಮಿನಿಯಂ. ತಮಾಷೆ ಇನ್ನೂ ಇದೆ. ಲ್ಯಾಟಿನ್ನಿನಲ್ಲಿ ಪಟಿಕಕ್ಕೆ ‘ಅಲುಮೆನ್’ ಎಂಬ ಹೆಸರು, ಇಂಗ್ಲಿಷಿನ ‘ಆಲಂ’ ಬಂದದ್ದು ಅದರಿಂದಲೇ. ಪಟಿಕದೊಳಗೆ ಒಂದು ಹೊಸ ಲೋಹ ಅಡಗಿದೆ ಎಂದು ಲೆಕ್ಕ ಹಾಕಿದ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ, 1808ರಲ್ಲಿ ಪಟಿಕದ ಹೆಸರಿನಿಂದಲೇ ಅದಕ್ಕೊಂದು ಹೆಸರು ಕಟ್ಟಿದ. ಲೋಹ ಕೈಗೆ ಸಿಕ್ಕಿದ್ದು 1825ರಲ್ಲಿ. ಅಂದರೆ ಅಲ್ಯೂಮಿನಿಯಂ ಎಂಬ ಪದದ ಅರ್ಥವೇ ‘ಪಟಿಕದಲ್ಲಿರುವುದು’. ಅಲ್ಯೂಮಿನಿಯಂ ಇಲ್ಲದ ಪಟಿಕ ಅಂದರೆ ಉಪ್ಪಿಲ್ಲದ ಉಪ್ಪು.

‘ಪಟಿಕದ ಕಣ ದೊಡ್ಡದು, ಚರ್ಮದೊಳಗೆ ಇಳಿಯುವುದಿಲ್ಲ’ ಎಂಬ ಸಮಜಾಯಿಷಿಯೂ ಉಂಟು. ಕರಗಿದ ಮೇಲೆ ಇಡೀ ಕಣ ಎಲ್ಲಿ ಉಳಿಯುತ್ತದೆ? ಅಯಾನುಗಳಾಗಿ, ಅಂದರೆ ವಿದ್ಯುದಾವೇಶವಿರುವ ಬಿಡಿ ಕಣಗಳಾಗಿ ಒಡೆದಿರುತ್ತದೆ. ಪಟಿಕ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದು ಬ್ಯಾಕ್ಟೀರಿಯಾವನ್ನು ಹದ್ದುಬಸ್ತಿನಲ್ಲಿಡುತ್ತದೆ, ಹಾಗಾಗಿ ಒಳ್ಳೆಯ ಡಿಯೋಡರೆಂಟ್. ಅಲ್ಯೂಮಿನಿಯಂ ಇದ್ದರೂ ಬೆವರು ನಿಲ್ಲಿಸುವುದು ಅದರ ಕೆಲಸವಲ್ಲ. ಅದನ್ನು ಬೆವರುತಡೆ ಎಂದದ್ದೇ ನಾನು ಮೊದಲು ಹೇಳಿದ ಆ ತಪ್ಪು.

ಅಷ್ಟಕ್ಕೂ ಅಲ್ಯೂಮಿನಿಯಂ ಕಂಡರೆ ಈ ಪಾಟಿ ಭಯ ಯಾಕೆ? 1990ರ ದಶಕದಲ್ಲಿ ಕೈಯಿಂದ ಕೈಗೆ ಹೋದ ಒಂದು ಇಮೇಲ್ ಕಥೆಯ ಪಾಲು ದೊಡ್ಡದು. ಬೆವರು ತಡೆದರೆ ವಿಷ ಕಂಕುಳಿನ ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್, ಹಾಲಿನ ಗ್ರಂಥಿಯಲ್ಲ) ಸೇರಿ ಸ್ತನ ಕ್ಯಾನ್ಸರ್ ಬರುತ್ತದೆ ಎಂದು ಅದು ಹೇಳಿತ್ತು. ಕೇಳಲು ಸರಿ ಅನಿಸುತ್ತದೆ. ಆದರೆ ದುಗ್ಧರಸ ಗ್ರಂಥಿ ತನ್ನಲ್ಲಿರುವುದನ್ನು ಬೆವರಿನಲ್ಲಿ ಹೊರಹಾಕುವುದೇ ಇಲ್ಲ, ದೇಹದ ಕಸ ತೆಗೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡದ್ದು. 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಇದ್ದ 813 ಮತ್ತು ಇಲ್ಲದ 793 ಮಹಿಳೆಯರನ್ನು ಹೋಲಿಸಿತು. ಆಂಟಿಪರ್ಸ್ಪಿರೆಂಟ್ ಜೊತೆ ನಂಟು ಕಾಣಲಿಲ್ಲ. ಯುರೋಪಿನ ಗ್ರಾಹಕ ಸುರಕ್ಷತೆಯ ವೈಜ್ಞಾನಿಕ ಸಮಿತಿ 2020ರಲ್ಲಿ ಮಿತಿಯನ್ನೂ ಹೇಳಿತು. ಸ್ಪ್ರೇ ಅಲ್ಲದ್ದರಲ್ಲಿ ಅಲ್ಯೂಮಿನಿಯಂ 6.25 ಶೇಕಡಾ, ಸ್ಪ್ರೇಯಲ್ಲಿ 10.60 ಶೇಕಡಾ ಮೀರದಿದ್ದರೆ ದಿನಾ ಬಳಸಬಹುದು.

ಎಚ್ಚರ ಬೇಕಾದ ಜಾಗ ಬೇರೆ. ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹಾಕಬೇಕು, ಅವರ ದೇಹಕ್ಕೆ ಅಲ್ಯೂಮಿನಿಯಂ ಹೊರಹಾಕುವುದು ಕಷ್ಟ. ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ ಮಾಡಿಸುವ ದಿನ ಕಂಕುಳಿಗೆ ಏನನ್ನೂ ಹಾಕಬೇಡಿ. ಲೋಹದ ಕಣಗಳು ಚಿತ್ರದಲ್ಲಿ ಬಿಳಿ ಚುಕ್ಕೆಯಾಗಿ ಮೂಡಿ ಸುಮ್ನೆ ಗಾಬರಿ ಹುಟ್ಟಿಸುತ್ತವೆ.

ಇದ್ಯಾವುದೂ ಬೇಡ ಅನ್ನುವವರು ಬ್ಯಾಕ್ಟೀರಿಯಾದ ಊಟ ನಿಲ್ಲಿಸಿದರೆ ಸಾಕು. ಸೋಪು ಹಚ್ಚಿ ತೊಳೆದ ಕಂಕುಳನ್ನು ಪೂರ್ತಿ ಒರೆಸಿ. ಹೆಚ್ಚಿನವರು ತಪ್ಪುವುದು ಈ ಒರೆಸುವುದರಲ್ಲೇ. ಕೂದಲು ಗಿಡ್ಡ ಮಾಡಿದರೆ ನಾತ ನಿಲ್ಲಲು ಜಾಗ ಕಡಿಮೆ. ಪಾಲಿಯೆಸ್ಟರ್ ಅಂಗಿಗಿಂತ ಹತ್ತಿಯದು ವಾಸಿ. ಪಾಲಿಯೆಸ್ಟರ್ ಒಗೆದ ಮೇಲೂ ಹಳೆಯ ವಾಸನೆ ಬಿಡುವುದಿಲ್ಲ, ಇಸ್ತ್ರಿ ಪೆಟ್ಟಿಗೆ ತಾಗಿದ ಕೂಡಲೇ ಎದ್ದು ಬರುತ್ತದೆ. ಅಡುಗೆ ಸೋಡಾ ಹಚ್ಚಿಕೊಳ್ಳುವ ಸಲಹೆ ಜಾಸ್ತಿ ಸಿಗುತ್ತದೆ. ನಾತ ಹೋಗುವುದು ನಿಜ, ಆದರೆ ಚರ್ಮ ತುಸು ಆಮ್ಲೀಯ, ಸೋಡಾ ಕ್ಷಾರ. ಎರಡು ವಾರಕ್ಕೆ ಕೆಂಪು ದದ್ದು ಎದ್ದರೆ ‘ವಿಷ ಹೊರಬರುತ್ತಿದೆ’ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಅದು ಉರಿ. ತೊಳೆದು ನಿಲ್ಲಿಸಿ.